ತೋಟದ ಹುಳ, ರೋಗದ ಎಲೆಯನ್ನ ಲ್ಯಾಬಲ್ಲಿ ಡಿಎನ್‌ಎ ಸೀಕ್ವೆನ್ಸ್ ಮಾಡಿ ಗುರುತು ಹಿಡಿಯೋದು ಹೆಂಗೆ

ಹೋದ ಮಳೆಗಾಲದಲ್ಲಿ ಸಕಲೇಶಪುರ ಕಡೆಯ ಬೆಳೆಗಾರರೊಬ್ರು ಕಾಳುಮೆಣಸಿನ ಎಲೆ ತಂದಿದ್ರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ಗಂಟು ಹಾಕಿ, ಬಸ್ಸಲ್ಲಿ ಕಾಲ ಬುಡದಲ್ಲಿಟ್ಕೊಂಡು, ಹಾಸನದಲ್ಲಿ ಇಳಿದು ಊಟ ಮುಗಿಸಿ ನಮ್ಮ ಲ್ಯಾಬಿಗೆ ಬರೋ ಹೊತ್ತಿಗೆ ಎಲೆ ಹೋಗಿ ಗೊಜ್ಜಾಗಿತ್ತು. "ಅದೇನೋ ಡಿಎನ್‌ಎ ನೋಡೋದಿದ್ಯಂತಲ್ಲ ಮೇಡಂ, ಅದ್ರಲ್ಲೇ ನೋಡ್ಬಿಡಿ" ಅಂದ್ರು. ನೋಡಿದ್ವಿ. ಮೂರು ವಾರ ಆದ್ಮೇಲೆ ಬಂದ ಹೆಸರು ಫ್ಯುಸೇರಿಯಂ ಅನ್ನೋ ಶಿಲೀಂಧ್ರ, ಅದೂ ಕೊಳೆತ ಎಲೆ ಸಿಕ್ಕಿದ್ರೆ ಸಾಕು ಅಂತ ಕಾಯ್ತಾ ಇರೋ ಥರದ್ದು. ಬಳ್ಳಿ ಸಾಯಿಸಿದ್ದು ಯಾವುದು ಅನ್ನೋದು ಅವರ ತೋಟದಲ್ಲೇ ಉಳೀತು. ಸೀಕ್ವೆನ್ಸ್, ಅಂದ್ರೆ ಡಿಎನ್‌ಎ ಅಕ್ಷರಗಳನ್ನ ಸಾಲಾಗಿ ಓದಿದ್ದು, ತಪ್ಪಿರ್ಲಿಲ್ಲ ಕಣ್ರೀ, ನಾವು ಟ್ಯೂಬಿಗೆ ಹಾಕಿದ್ದೇ ಬೇರೆ.

ಅವತ್ತಿಂದ ಬರೀಬೇಕು ಅಂದ್ಕೊಂಡಿದ್ದೆ. ಅಗ್ರಿ ಓದ್ತಿರೋ ಹುಡುಗ್ರಿಗೆ, ಹೊಸದಾಗಿ ಲ್ಯಾಬ್ ಸೇರಿದವ್ರಿಗೆ, ಸ್ಯಾಂಪಲ್ ಕಳಿಸೋ ಬೆಳೆಗಾರ್ರಿಗೂ ಉಪಯೋಗ ಆಗ್ಬೋದು.

ಮೊದ್ಲು ಇದು ಬೇಕಾ ಅಂತ ನೋಡ್ಕೊಳ್ಳಿ. ಶುಂಠಿ ಬಾಡಿದ್ರೆ ಕಾಂಡ ಓರೆಯಾಗಿ ಕೊಯ್ದು ಗಾಜಿನ ಲೋಟದ ನೀರಲ್ಲಿ ತೂಗುಹಾಕಿ ಎರಡು ನಿಮಿಷ ನೋಡಿ, ಹಾಲಿನ ಎಳೆ ಥರ ಬಿಳೀದು ಕೆಳಗೆ ಇಳೀತಾ ಇದ್ರೆ ಅದು ಬ್ಯಾಕ್ಟೀರಿಯಾ ಸೊರಗು, ಅದಕ್ಕೆ ದುಡ್ಡು ಖರ್ಚು ಮಾಡಿ ಸೀಕ್ವೆನ್ಸ್ ಯಾಕೆ. ಜೋಳದ ಸೈನಿಕ ಹುಳುನೂ ಹಂಗೇ, ತಲೆ ಮೇಲೆ ತಲೆಕೆಳಗಾದ ವೈ ಅಕ್ಷರ, ಬಾಲದ ಹತ್ರ ಚೌಕಾಕಾರವಾಗಿ ನಾಲ್ಕು ಚುಕ್ಕಿ ಇದ್ರೆ ಈಗ ರೈತ್ರೇ ಹೇಳ್ತಾರೆ. ಆದ್ರೆ 2018ರ ಮೇ ತಿಂಗಳಲ್ಲಿ ಶಿವಮೊಗ್ಗ ಕಡೆ ಅದು ಮೊದ್ಲು ಕಂಡಾಗ ಕಣ್ಣಿನ ಮಾತು ಸಾಕಾಗ್ಲಿಲ್ಲ, ದೇಶಕ್ಕೇ ಹೊಸ ಹುಳ ಅಂದ್ಮೇಲೆ ದೇಹದ ಲಕ್ಷಣದ ಜೊತೆ ಡಿಎನ್‌ಎ ಬಾರ್‌ಕೋಡೂ (ಜಾತಿ ಗುರುತಿಗೆ ಅಂತ ಓದೋ ಡಿಎನ್‌ಎ ತುಂಡು) ಇಟ್ಟೇ ಖಚಿತ ಮಾಡಿದ್ದು. ಸೀಕ್ವೆನ್ಸ್ ನಿಜವಾಗ್ಲೂ ಬೇಕಾಗೋದು ಇಂಥ ಕಡೆ. ಮೊಟ್ಟೆ, ಮರಿಹುಳ, ಕೋಶ ಮಾತ್ರ ಸಿಕ್ಕಿ ದೊಡ್ಡ ಹುಳ ಸಿಗದೇ ಇದ್ದಾಗ, ಥ್ರಿಪ್ಸ್ ಬಿಳಿನೊಣದಂಥ ಸಣ್ಣವು ಬಂದಾಗ (ಹತ್ತಿ ಬಿಳಿನೊಣ ಅಂತ ನಾವು ಒಂದೇ ಹೆಸರಲ್ಲಿ ಕರೆಯೋದು ನೋಡೋಕೆ ಒಂದೇ ಥರ ಇರೋ ಹಲವು ಜಾತಿಗಳ ಗುಂಪು), ವೈರಸ್ಸು, ಫೈಟೋಪ್ಲಾಸ್ಮಾ (ಗಿಡದೊಳಗೆ ಬದುಕೋ ಒಂಥರಾ ಬ್ಯಾಕ್ಟೀರಿಯಾ) ಇಂಥ, ಲ್ಯಾಬಿನ ಪ್ಲೇಟ್ ಮೇಲೆ ಬೆಳೆಯದೇ ಇರೋವು ಬಂದಾಗ.

ಈಗ ಸ್ಯಾಂಪಲ್. ಇದನ್ನ ಉದ್ದಕ್ಕೆ ಬರೀತೀನಿ, ಬೇಜಾರಾದ್ರೂ ಓದಿ, ಯಾಕಂದ್ರೆ ಎಡವಟ್ಟು ಜಾಸ್ತಿ ಆಗೋದು ಇಲ್ಲೇ.

ಹುಳ ಆದ್ರೆ ನೇರ 95 ಪರ್ಸೆಂಟ್ ಅಥವಾ ಅದಕ್ಕಿಂತ ಗಟ್ಟಿ ಎಥನಾಲ್‌ಗೆ ಹಾಕಿ. ಫಾರ್ಮಲಿನ್ ಬೇಡವೇ ಬೇಡ, ಅದು ಡಿಎನ್‌ಎಯನ್ನ ಕಟ್ಟಿಹಾಕಿ ತುಂಡು ಮಾಡಿಬಿಡುತ್ತೆ, ಆಮೇಲೆ ಪಿಸಿಆರ್ (ಬೇಕಾದ ಡಿಎನ್‌ಎ ತುಂಡನ್ನ ಲಕ್ಷಗಟ್ಟಲೆ ನಕಲು ಮಾಡೋದು) ಮಾಡಿ ಮಾಡಿ ಸುಸ್ತಾಗ್ತೀರ. ಮೆಡಿಕಲ್ ಶಾಪಲ್ಲಿ ಸಿಗೋ ಸ್ಯಾನಿಟೈಸರ್, ಸರ್ಜಿಕಲ್ ಸ್ಪಿರಿಟ್ ಕೂಡ ಬೇಡ, ನೀರು ಜಾಸ್ತಿ ಇರುತ್ತೆ, ಇನ್ನೂ ಏನೇನೋ ಬೆರೆಸಿರ್ತಾರೆ. ಹುಳ ಒಂದು ಭಾಗ ಇದ್ರೆ ಎಥನಾಲ್ ಹತ್ತು ಭಾಗ ಇರ್ಲಿ, ದಪ್ಪ ಹುಳ ಆದ್ರೆ ಒಂದು ದಿನ ಬಿಟ್ಟು ಎಥನಾಲ್ ಬದಲಾಯಿಸಿ, ಹುಳದ ಮೈ ನೀರೇ ಅದನ್ನ ತೆಳು ಮಾಡಿರುತ್ತೆ. ಒಂದು ಟ್ಯೂಬಲ್ಲಿ ಒಂದೇ ಗಿಡದ ಹುಳ.

ಹೆಸರು ಪೆನ್ಸಿಲ್ಲಲ್ಲಿ ಬರೀರಿ. ನಗ್ಬೇಡಿ. ನಾನು ಸೇರಿದ ವರ್ಷ ಬೇಲೂರು, ಅರೇಹಳ್ಳಿ, ಮೂಡಿಗೆರೆ ಸುತ್ತಿ ಕಾಫಿ ಗಿಡದ ಹುಳ ಹನ್ನೊಂದು ಟ್ಯೂಬ್ ತಂದು, ನೀಟಾಗಿ ಜೆಲ್ ಪೆನ್ನಲ್ಲಿ ಲೇಬಲ್ ಬರೆದು ರ‍್ಯಾಕಲ್ಲಿ ಜೋಡಿಸಿದ್ದೆ, ಬೆಳಿಗ್ಗೆ ನೋಡಿದ್ರೆ ಒಂದು ಟ್ಯೂಬ್ ಸೋರಿ ಎಲ್ಲದರ ಮೇಲೂ ಎಥನಾಲ್ ಹರಿದು ನೀಲಿ ಕಲೆ ಮಾತ್ರ ಉಳಿದಿತ್ತು. ಹನ್ನೊಂದೂ ಹುಳ ಚೆನ್ನಾಗಿವೆ, ಯಾವ ಊರಿನದು ಯಾವುದು ಅಂತ ಮಾತ್ರ ಗೊತ್ತಿಲ್ಲ. ಈಗ ದಪ್ಪ ಕಾಗದದ ಚೂರಿನ ಮೇಲೆ ಪೆನ್ಸಿಲ್ಲಲ್ಲಿ ಊರು, ತಾರೀಕು, ಗಿಡ, ಗಿಡದ ಯಾವ ಭಾಗ, ತಂದವರು ಯಾರು ಅಂತ ಬರೆದು ಟ್ಯೂಬ್ ಒಳಗೇ ಹಾಕ್ತೀನಿ. ಪೆನ್ಸಿಲ್ ಗೀಟನ್ನ ಎಥನಾಲ್ ಮುಟ್ಟಲ್ಲ.

ಎಲೆ, ಕಾಂಡ, ಬೇರು ಆದ್ರೆ ಪ್ಲಾಸ್ಟಿಕ್ ಬಿಟ್ಟು ನ್ಯೂಸ್ ಪೇಪರ್ ಅಥವಾ ಕಾಗದದ ಕವರ್. ಪೂರ್ತಿ ಸತ್ತಿರೋದು ತರ್ಬೇಡಿ, ರೋಗ ಈಗಷ್ಟೇ ಹರಡ್ತಿರೋ ಅಂಚು ಬೇಕು, ಅರ್ಧ ಕಂದು ಅರ್ಧ ಹಸಿರು. ಅಡಿಕೆ ಎಲೆಚುಕ್ಕೆ ಆದ್ರೆ ಹಳದಿ ಉಂಗುರ ಇನ್ನೂ ಕಾಣೋ ಹೊಸ ಚುಕ್ಕೆ. ಕಾಳುಮೆಣಸಿನ ಸೊರಗು ರೋಗ ಆದ್ರೆ ಎಲೆ ಒಂದೇ ತಂದ್ರೆ ಸಾಲದು, ಬುಡದ ಕಾಂಡ, ಬೇರು, ಒಂದು ಹಿಡಿ ಮಣ್ಣೂ ತನ್ನಿ, ಆ ರೋಗ ತರೋ ಫೈಟಾಫ್ತೊರಾ (ಶಿಲೀಂಧ್ರದಂಥ ಜೀವಿ) ಕೂತಿರೋದು ಅಲ್ಲಿ. ಜೊತೆಗೆ ಪಕ್ಕದ ಆರೋಗ್ಯವಾಗಿರೋ ಗಿಡದ್ದೂ ಒಂದು ಎಲೆ, ಇದನ್ನ ಯಾರೂ ತರಲ್ಲ, ಆದ್ರೆ ಅದಿಲ್ದೇ ಸಿಕ್ಕಿದ ಶಿಲೀಂಧ್ರ ರೋಗದ್ದಾ ಅಥವಾ ಎಲ್ಲಾ ಎಲೆಯಲ್ಲೂ ಸುಮ್ನೆ ಇರೋದಾ ಅಂತ ಹೇಳೋಕಾಗಲ್ಲ. ಅವತ್ತೇ ಲ್ಯಾಬಿಗೆ ಬರೋಕಾಗ್ದಿದ್ರೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ, ಫ್ರೀಜರಲ್ಲಿ ಬೇಡ, ಹೆಪ್ಪುಗಟ್ಟಿದ ಎಲೆಯಿಂದ ಫೈಟಾಫ್ತೊರಾ ಬೆಳೆಸೋದು ಆಗದ ಮಾತು.

ಶಿಲೀಂಧ್ರ ಅನುಮಾನ ಇದ್ರೆ ಎಲೆಯಿಂದ ನೇರ ಡಿಎನ್‌ಎ ತೆಗೀಬೇಡಿ, ಮೊದ್ಲು ಬೆಳೆಸ್ಕೊಳ್ಳಿ. ಅಂಚಿನ ಚೂರನ್ನ 70 ಪರ್ಸೆಂಟ್ ಎಥನಾಲಲ್ಲಿ ಅರ್ಧ ನಿಮಿಷ, 1 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟಲ್ಲಿ ಒಂದು ನಿಮಿಷ ಅದ್ದಿ, ಸ್ಟೆರೈಲ್ ನೀರಲ್ಲಿ ಮೂರು ಸಲ ತೊಳೆದು, ಫಿಲ್ಟರ್ ಪೇಪರಲ್ಲಿ ಒತ್ತಿ ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗಾರ್ (ಶಿಲೀಂಧ್ರ ಬೆಳೆಸೋ ಗಟ್ಟಿ ಆಹಾರ) ಮೇಲಿಡಿ. ಫೈಟಾಫ್ತೊರಾ ಆದ್ರೆ ಆಂಟಿಬಯೋಟಿಕ್ ಹಾಕಿದ ಸೆಲೆಕ್ಟಿವ್ ಮೀಡಿಯಾ ಬೇಕು, ಇಲ್ದಿದ್ರೆ ಪಿಥಿಯಂ, ಬ್ಯಾಕ್ಟೀರಿಯಾ ಎಲ್ಲಾ ಸೇರಿ ತಟ್ಟೆ ತುಂಬಾ ಜಾತ್ರೆ.

ಡಿಎನ್‌ಎ ತೆಗೆಯೋದಕ್ಕೆ ಕಿಟ್ ಇದ್ರೆ ಕಿಟ್, ಇಲ್ಲಾಂದ್ರೆ ಹಳೇ ಸಿಟಿಎಬಿ (ಜೀವಕೋಶ ಒಡೆಯೋ ಸೋಪಿನಂಥ ರಾಸಾಯನಿಕ) ವಿಧಾನ. 65 ಡಿಗ್ರಿಯಲ್ಲಿ ಬಿಸಿ ಮಾಡೋದು, ಕ್ಲೋರೋಫಾರ್ಮ್ ಐಸೋಅಮೈಲ್ ಆಲ್ಕೋಹಾಲ್ 24ಕ್ಕೆ 1ರ ಮಿಶ್ರಣ ಹಾಕಿ ತಿರುಗ್ಸೋದು, ಮೇಲಿನ ತಿಳಿ ತೆಗೆದು ಐಸೋಪ್ರೊಪನಾಲ್ ಹಾಕೋದು, 70 ಪರ್ಸೆಂಟ್ ಎಥನಾಲಲ್ಲಿ ತೊಳೆಯೋದು, ಪುಸ್ತಕದಲ್ಲಿ ಎಲ್ಲಾ ಇದೆ. ಪುಸ್ತಕ ಒತ್ತಿ ಹೇಳದೇ ಇರೋದು ಏನಂದ್ರೆ ಕಾಫಿ ಎಲೆ ಮಹಾ ಕಾಟ, ಅರೆದ ತಕ್ಷಣ ಪಾಲಿಫಿನಾಲ್‌ನಿಂದ ಕಾಫಿ ಡಿಕಾಕ್ಷನ್ ಬಣ್ಣಕ್ಕೇ ತಿರುಗುತ್ತೆ, ಆ ಬಣ್ಣ ಡಿಎನ್‌ಎ ಜೊತೆ ಕೊನೇವರೆಗೂ ಬಂದು ಪಿಸಿಆರ್ ನಿಲ್ಲಿಸುತ್ತೆ. ಅದನ್ನ ತಡೆಯೋಕೆ ಪಿವಿಪಿ ಮತ್ತೆ ಬೀಟಾ ಮರ್ಕಾಪ್ಟೋಎಥನಾಲ್ ಹಾಕಿ (ಫ್ಯೂಮ್ ಹುಡ್ ಒಳಗೆ, ವಾಸನೆ ಇಡೀ ಕಾರಿಡಾರಿಗೆ ಹಬ್ಬಿ ಬೈಸ್ಕೋಬೇಡಿ), ಎಳೇ ಎಲೆ ತಗೊಳ್ಳಿ. ಆದ್ರೂ ಪಿಸಿಆರ್ ಬರ್ಲಿಲ್ವಾ, ಡಿಎನ್‌ಎಯನ್ನ ಹತ್ತು ಪಟ್ಟು ತೆಳು ಮಾಡಿ ಹಾಕಿ ನೋಡಿ. ಜಾಸ್ತಿ ಹಾಕಿದ್ರೆ ಬರುತ್ತೆ ಅಂತ ಎಲ್ರೂ ಸುರೀತಾರೆ, ಅಡ್ಡಿ ಮಾಡೋ ವಸ್ತೂನೂ ಅಷ್ಟೇ ಜಾಸ್ತಿ ಹೋಗುತ್ತೆ ಅನ್ನೋದು ಮರೀತಾರೆ.

ಹುಳದಲ್ಲಿ ಪೂರ್ತಿ ಅರೆದು ಹಾಕ್ಬೇಡಿ. ದೊಡ್ಡದಾದ್ರೆ ಒಂದು ಕಾಲು ಸಾಕು. ಸಣ್ಣದಾದ್ರೆ ಪ್ರೊಟಿನೇಸ್ ಕೆ (ಪ್ರೋಟೀನ್ ಕರಗಿಸೋ ಕಿಣ್ವ) ಹಾಕಿದ ಬಫರಲ್ಲಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ರೆ ಒಳಗಿನದು ಕರಗಿ ಡಿಎನ್‌ಎ ಹೊರಗೆ ಬರುತ್ತೆ, ಹೊರಗಿನ ಚಿಪ್ಪು ಹಂಗೇ ಉಳಿಯುತ್ತೆ, ಅದನ್ನ ಸ್ಲೈಡ್ ಮಾಡಿ ಇಟ್ಕೋಬೋದು. ನಾಳೆ ಸೀಕ್ವೆನ್ಸ್ ಏನೋ ವಿಚಿತ್ರ ಹೆಸರು ಹೇಳಿದ್ರೆ ತಿರುಗಿ ನೋಡೋಕೆ ಹುಳ ಬೇಕಲ್ವಾ. ಮರಿಹುಳ ಆದ್ರೆ ಹೊಟ್ಟೆ ಭಾಗ ಬಿಡಿ, ಅಲ್ಲಿ ತಿಂದ ಎಲೆ, ಬ್ಯಾಕ್ಟೀರಿಯಾ, ಕೆಲವು ಸಲ ಒಳಗೇ ಮರಿ ಇಟ್ಟಿರೋ ಪರಾವಲಂಬಿ ಕಣಜ ಎಲ್ಲಾ ಇರುತ್ತೆ. ಒಂದ್ಸಲ ಸೈನಿಕ ಹುಳುವಿನ ಮರಿ ಹಾಕಿ ಕಣಜದ ಸೀಕ್ವೆನ್ಸ್ ಬಂದಿತ್ತು ನಮಗೆ. ಆ ರೈತ್ರಿಗೆ ಅದು ಒಳ್ಳೇ ಸುದ್ದಿನೇ ಅನ್ನಿ.

ಮುಂದೆ ಯಾವ ಜೀನ್ ಓದೋದು. ಹುಳಕ್ಕೆ ಮೈಟೊಕಾಂಡ್ರಿಯಾದ ಸಿಒಐ ಜೀನಿನ ಸುಮಾರು 658 ಅಕ್ಷರ. ಕೆನಡಾದ ಪಾಲ್ ಹೆಬರ್ಟ್ ಅವರ ತಂಡ 2003ರಲ್ಲಿ ಪ್ರಾಣಿಗಳಿಗೆಲ್ಲಾ ಇದನ್ನೇ ಬಾರ್‌ಕೋಡ್ ಮಾಡ್ಕೊಳ್ಳೋಣ ಅಂದ್ರು, ಪ್ರೈಮರ್ (ನಕಲು ಎಲ್ಲಿಂದ ಶುರು ಅಂತ ತೋರಿಸೋ ಪುಟ್ಟ ಡಿಎನ್‌ಎ) ಅದಕ್ಕೂ ಹಳೇದು, 1994ರ ಫೋಲ್ಮರ್ ಜೋಡಿ, ಈಗ್ಲೂ ಬಹಳ ಕಡೆ ಅದೇ ನಡೆಯುತ್ತೆ. ಶಿಲೀಂಧ್ರಕ್ಕೆ ಐಟಿಎಸ್ ಅನ್ನೋ ಡಿಎನ್‌ಎ ಭಾಗ, ಬ್ಯಾಕ್ಟೀರಿಯಾಕ್ಕೆ 16ಎಸ್ ಜೀನ್. ಇಷ್ಟು ಎಲ್ರಿಗೂ ಗೊತ್ತು. ಆದ್ರೆ ನಮ್ಮ ಕಡೆಯ ರೋಗಗಳಿಗೆ ಇಷ್ಟರಲ್ಲೇ ಮುಗಿಯಲ್ಲ ಮಾರಾಯ್ರೆ. ಅಡಿಕೆ ಎಲೆಚುಕ್ಕೆಯಲ್ಲಿ ಸಿಗೋ ಕೊಲೆಟೋಟ್ರೈಕಂ ಅನ್ನೋ ಶಿಲೀಂಧ್ರದ ಗುಂಪಲ್ಲಿ ಜಾತಿ ಜಾತಿಗೂ ಐಟಿಎಸ್ ಹೆಚ್ಚುಕಮ್ಮಿ ಒಂದೇ, ಅದರಲ್ಲಿ ಜಾತಿ ಹೆಸರು ಹೇಳೋದು ಅವಳಿ ಮಕ್ಕಳನ್ನ ಯೂನಿಫಾರ್ಮ್ ನೋಡಿ ಗುರುತಿಸಿದ ಹಂಗೆ. ಜಿಎಪಿಡಿಎಚ್, ಬೀಟಾ ಟ್ಯೂಬ್ಯುಲಿನ್, ಅಪ್‌ಮ್ಯಾಟ್ ಅನ್ನೋ ಇನ್ನೂ ಒಂದೆರಡು ಜೀನ್ ಸೇರಿಸ್ಲೇಬೇಕು. ಕಾಳುಮೆಣಸಿನ ಫೈಟಾಫ್ತೊರಾದಲ್ಲೂ ಕ್ಯಾಪ್ಸಿಸಿ, ಟ್ರಾಪಿಕಾಲಿಸ್ ಎರಡೂ ಹತ್ತಿರದ ನೆಂಟ್ರು, ಐಟಿಎಸ್ ಒಂದರಲ್ಲಿ ಬಿಡಿಸಿ ಹೇಳೋದು ಕಷ್ಟ. ಶುಂಠಿ ಸೊರಗಿನ ಬ್ಯಾಕ್ಟೀರಿಯಾ ರಾಲ್ಸ್ಟೋನಿಯಾಕ್ಕೆ 16ಎಸ್‌ಗಿಂತ ಅದಕ್ಕೇ ಅಂತ ಇರೋ 759, 760 ಪ್ರೈಮರ್ ಜೋಡಿ ಹಾಕಿ, 280 ಅಕ್ಷರದ ಬ್ಯಾಂಡ್ (ಜೆಲ್ ಮೇಲೆ ಕಾಣೋ ಡಿಎನ್‌ಎ ಗೆರೆ) ಬಂದ್ರೆ ಆ ಗುಂಪು ಅಂತ ಆಯ್ತು, ಒಳಗಿನ ವಿಂಗಡಣೆಗೆ ಆಮೇಲೆ ಇಜಿಎಲ್ ಜೀನ್ ಓದಿ.

ಶೃಂಗೇರಿ, ಕೊಪ್ಪ ಕಡೆಯ ಅಡಿಕೆ ಹಳದಿ ಎಲೆ ರೋಗದ ಕಥೆ ಬೇರೆ. ಅದರ ಜೊತೆ ಕಾಣಿಸೋ ಫೈಟೋಪ್ಲಾಸ್ಮಾ ಗಿಡದ ಆಹಾರ ನಾಳದೊಳಗೆ ಬಹಳ ಕಮ್ಮಿ ಸಂಖ್ಯೆಯಲ್ಲಿರುತ್ತೆ, ಪ್ಲೇಟಲ್ಲಿ ಬೆಳೆಯಲ್ಲ, ಅದಕ್ಕೆ ಒಂದರ ಮೇಲೊಂದು ಎರಡು ಸುತ್ತಿನ ನೆಸ್ಟೆಡ್ ಪಿಸಿಆರ್ ಮಾಡ್ತಾರೆ. ಒಂದು ಎಲೆಯಲ್ಲಿ ಸಿಗ್ಲಿಲ್ಲ ಅಂತ ಮರದಲ್ಲಿ ಇಲ್ಲ ಅಂತ ಬರೆದುಬಿಡಬೇಡಿ. ಏಲಕ್ಕಿ ಕಟ್ಟೆ ರೋಗದ ವೈರಸ್ಸಲ್ಲಿ ಇರೋದು ಆರ್‌ಎನ್‌ಎ, ಅಲ್ಲಿ ಮೊದ್ಲು ಆರ್‌ಎನ್‌ಎ ತೆಗೆದು ಸಿಡಿಎನ್‌ಎ (ಅದರ ಡಿಎನ್‌ಎ ನಕಲು) ಮಾಡ್ಕೊಂಡೇ ಪಿಸಿಆರಿಗೆ ಹೋಗ್ಬೇಕು, ಮರೆತು ನೇರ ಹಾಕಿದವ್ರನ್ನ ನೋಡಿದ್ದೀನಿ.

ಪಿಸಿಆರ್‌ನಲ್ಲಿ 25 ಮೈಕ್ರೋಲೀಟರ್ ರಿಯಾಕ್ಷನ್, 94 ಡಿಗ್ರಿಯಲ್ಲಿ ಬಿಚ್ಚೋದು, ಸಿಒಐಗೆ 48ರಿಂದ 50, ಐಟಿಎಸ್‌ಗೆ 55 ಡಿಗ್ರಿ ಹತ್ರ ಪ್ರೈಮರ್ ಕೂರ್ಸೋದು, 72ರಲ್ಲಿ ಬೆಳೆಸೋದು, 35 ಸುತ್ತು. ಪ್ರತಿ ಸಲ ಡಿಎನ್‌ಎ ಬದಲು ಬರೀ ನೀರು ಹಾಕಿದ ಒಂದು ಟ್ಯೂಬ್ ಇಡಿ, ಗೊತ್ತಿರೋ ಹುಳದ್ದು ಒಂದು. ನೀರಿನ ಟ್ಯೂಬಲ್ಲಿ ಬ್ಯಾಂಡ್ ಬಂದ್ರೆ ಆ ಬ್ಯಾಚ್ ಪೂರ್ತಿ ಎಸೀರಿ, "ಸ್ವಲ್ಪ ತೆಳು ಬ್ಯಾಂಡು, ಪರವಾಗಿಲ್ಲ" ಅಂತ ಮುಂದೆ ಹೋದ್ರೆ ಆಮೇಲೆ ಎಲ್ಲಾ ತೋಟದಲ್ಲೂ ಒಂದೇ ರೋಗ ಸಿಗೋಕೆ ಶುರು ಆಗುತ್ತೆ. ಪಿಸಿಆರ್ ಆದ ಟ್ಯೂಬ್ ತೆರೆಯೋ ಟೇಬಲ್ ಬೇರೆ, ಹೊಸದು ತಯಾರಿಸೋ ಟೇಬಲ್ ಬೇರೆ, ಪಿಪೆಟ್ಟೂ ಬೇರೆ. ಇನ್ನೊಂದು, ಜೂನ್ ಜುಲೈಲಿ ನಮ್ಮ ಕಡೆ ಕರೆಂಟಿನ ಹಣೆಬರಹ ನಿಮಗೇ ಗೊತ್ತು, ಗಾಳಿ ಮಳೆಗೆ ಎಲ್ಲೋ ಮರ ಬಿದ್ರೆ ಸಾಕು, ಎರಡು ಗಂಟೆ ಓಡ್ಬೇಕಾದ ಮೆಷಿನ್ ಇಪ್ಪತ್ತನೇ ಸುತ್ತಲ್ಲಿ ನಿಂತಿರುತ್ತೆ. ಮೆಷಿನ್ನಿಗಿಂತ ಮೊದ್ಲು ಯುಪಿಎಸ್‌ಗೆ ಬಿಲ್ ಹಾಕಿ.

ಜೆಲ್ ಮೇಲೆ ಒಂದೇ ಗಟ್ಟಿ ಬ್ಯಾಂಡ್ ಬಂದಿದ್ದನ್ನ ಮಾತ್ರ ಕ್ಲೀನ್ ಮಾಡಿ ಸೀಕ್ವೆನ್ಸಿಂಗಿಗೆ ಕಳಿಸಿ. ಅಕ್ಷರ ಓದೋ ಸ್ಯಾಂಗರ್ ಮೆಷಿನ್ ನಾವೇ ಇಟ್ಕೊಳ್ಳೋ ಅಗತ್ಯ ಇಲ್ಲ, ಬೆಂಗಳೂರಿಗೆ ಕೊರಿಯರ್ ಮಾಡಿದ್ರೆ ಫೈಲ್ ಮೇಲಲ್ಲಿ ಬರುತ್ತೆ. ಎರಡೂ ದಿಕ್ಕಿಂದ ಓದಿಸಿ, ದುಡ್ಡು ಉಳಿಸೋಕೆ ಒಂದೇ ದಿಕ್ಕು ಸಾಕು ಅನ್ಬೇಡಿ.

ಫೈಲ್ ಬಂದ್ಮೇಲೆ ಹೊಸಬ್ರು ಮಾಡೋದೇನು ಗೊತ್ತಾ, ಅಕ್ಷರಗಳನ್ನ ಕಾಪಿ ಮಾಡಿ ನೇರ ಬ್ಲಾಸ್ಟಿಗೆ (ಜೆನ್‌ಬ್ಯಾಂಕ್ ಅನ್ನೋ ಸಾರ್ವಜನಿಕ ಸೀಕ್ವೆನ್ಸ್ ಭಂಡಾರದಲ್ಲಿ ಹೋಲಿಕೆ ಹುಡುಕೋ ಆನ್‌ಲೈನ್ ಟೂಲ್) ಪೇಸ್ಟ್. ಅದಕ್ಕೆ ಮೊದ್ಲು ಕ್ರೋಮೆಟೋಗ್ರಾಮ್ (ಮೆಷಿನ್ ಓದಿದ್ದರ ಬಣ್ಣದ ಗ್ರಾಫ್) ತೆರೆದು ಕಣ್ಣಲ್ಲಿ ನೋಡಿ. ಹಸಿರು ಎ, ಕೆಂಪು ಟಿ, ಕಪ್ಪು ಜಿ, ನೀಲಿ ಸಿ, ಗುಡ್ಡಗಳ ಸಾಲು ಇದ್ದ ಹಂಗೆ ಇರುತ್ತೆ. ಶುರುವಿನ ಮೂವತ್ತು ನಲವತ್ತು ಅಕ್ಷರ ಕಲಸುಮೇಲೋಗರ, ಅದು ಯಾವಾಗ್ಲೂ ಹಂಗೇ, ಕತ್ತರಿಸಿ. ಮಧ್ಯದಲ್ಲಿ ಗುಡ್ಡ ಚೂಪಾಗಿ, ಒಂದಕ್ಕೊಂದು ತಾಗದಂಗೆ ನಿಂತಿರ್ಬೇಕು. ಏಳುನೂರು ದಾಟಿದ್ಮೇಲೆ ದಪ್ಪ ಆಗಿ ಒಂದರ ಮೇಲೊಂದು ಬೀಳ್ತವೆ, ಅಲ್ಲಿಂದಾಚೆಗೂ ಕತ್ತರಿಸಿ. ಕ್ವಾಲಿಟಿ ನಂಬರ್ 20 ಅಂದ್ರೆ ನೂರಕ್ಕೆ ಒಂದು ತಪ್ಪು, 30 ಅಂದ್ರೆ ಸಾವಿರಕ್ಕೆ ಒಂದು. ಉದ್ದಕ್ಕೂ ಒಂದು ಗುಡ್ಡದ ಕೆಳಗೆ ಇನ್ನೊಂದು ಬಣ್ಣದ ಗುಡ್ಡ ಇಣುಕ್ತಾ ಇದ್ರೆ ಟ್ಯೂಬಲ್ಲಿ ಎರಡು ಜೀವಿ ಇದೆ ಅಂತ ಅನುಮಾನ ಪಡಿ, ಸಾಫ್ಟ್‌ವೇರ್ ದೊಡ್ಡ ಗುಡ್ಡದ ಅಕ್ಷರ ಕೊಟ್ಟು ಸುಮ್ನಾಗುತ್ತೆ, ನಿಮಗೆ ಹೇಳಲ್ಲ. ಸಿಒಐ ಆದ್ರೆ ಇನ್ನೊಂದು ಪರೀಕ್ಷೆ ಇದೆ, ಅದನ್ನ ಪ್ರೋಟೀನ್ ಆಗಿ ಅನುವಾದ ಮಾಡಿ ನೋಡಿ, ಆನ್‌ಲೈನ್ ಟೂಲಲ್ಲಿ ಅಕಶೇರುಕ ಮೈಟೊಕಾಂಡ್ರಿಯಾದ ಕೋಡ್ ಅಂದ್ರೆ 5ನೇ ಟೇಬಲ್ ಆರಿಸಿ. ಮಧ್ಯದಲ್ಲಿ ಸ್ಟಾಪ್ ಬಂದ್ರೆ ನೀವು ಓದಿರೋದು ನಿಜವಾದ ಜೀನಲ್ಲ, ನ್ಯೂಕ್ಲಿಯಸ್ಸಿಗೆ ಹೋಗಿ ಸೇರ್ಕೊಂಡ ಅದರ ಹಳೇ ನಕಲು ಇರ್ಬೋದು, ಇಲ್ಲಾ ಓದೋದ್ರಲ್ಲೇ ತಪ್ಪಾಗಿರ್ಬೋದು.

ಈಗ ಬ್ಲಾಸ್ಟ್. ಮೇಲಿನ ಸಾಲಲ್ಲಿ ಬಂದ ಹೆಸರೇ ಉತ್ತರ ಅಂತ ತಗೊಂಡ್ರೆ ಕೆಟ್ರಿ. ಕವರೇಜ್ (ನಿಮ್ಮ ಸೀಕ್ವೆನ್ಸಿನ ಎಷ್ಟು ಭಾಗ ಹೋಲಿಕೆಗೆ ಬಂತು) ಮತ್ತು ಐಡೆಂಟಿಟಿ (ಅದರಲ್ಲಿ ಎಷ್ಟು ಅಕ್ಷರ ಹೊಂದಿತು) ಎರಡೂ ಒಟ್ಟಿಗೆ ನೋಡಿ, 620 ಅಕ್ಷರದಲ್ಲಿ 619 ಹೊಂದಿದ್ರೆ ಅದು ಹೊಂದಾಣಿಕೆ, 99 ಪರ್ಸೆಂಟ್ ಅಂತ ತೋರಿಸಿ ಕವರೇಜ್ 30 ಇದ್ರೆ ನಿಮ್ಮ ಸೀಕ್ವೆನ್ಸಿನ ಮೂರರಲ್ಲಿ ಎರಡು ಭಾಗ ಲೆಕ್ಕಕ್ಕೇ ಬಂದಿಲ್ಲ. ಆಮೇಲೆ ಜೆನ್‌ಬ್ಯಾಂಕಿಗೆ ಯಾರು ಬೇಕಾದ್ರೂ ಹಾಕ್ಬೋದು, ತಪ್ಪು ಹೆಸರಿನ ಹುಳಗಳು ಅಲ್ಲಿ ಬೇಕಾದಷ್ಟಿವೆ. ಮೊದಲ ಇಪ್ಪತ್ತು ಸಾಲು ನೋಡಿ, ಒಂದೇ ಐಡೆಂಟಿಟಿಯಲ್ಲಿ ಮೂರು ಜಾತಿ ಹೆಸರಿದ್ರೆ ಆ ಜೀನಿಂದ ಜಾತಿ ಹೇಳೋಕಾಗಲ್ಲ, ಕುಲದ ಹೆಸರಿಗೆ ನಿಲ್ಲಿಸಿ. ಹುಳಗಳಿಗೆ ಬೋಲ್ಡ್ ಡೇಟಾಬೇಸಲ್ಲೂ ಹಾಕಿ ನೋಡಿ, ಅಲ್ಲಿ ಸುಮಾರು ದಾಖಲೆಗಳ ಜೊತೆ ಹುಳದ ಫೋಟೋ, ಸಿಕ್ಕಿದ ಜಾಗ ಇರುತ್ತೆ. ಶಿಲೀಂಧ್ರಕ್ಕೆ ಟೈಪ್ ಕಲ್ಚರಿನ (ಆ ಜಾತಿಗೆ ಹೆಸರಿಟ್ಟ ಮೂಲ ಮಾದರಿ) ಸೀಕ್ವೆನ್ಸ್ ಹುಡುಕಿ ಅದರ ಜೊತೆ ಒಂದು ವಂಶವೃಕ್ಷ ಕಟ್ಟಿ. ಯಾವ ಹುಳ ಹಾಕಿದ್ರೂ ವೋಲ್ಬಾಕಿಯಾ ಅಂತ ಬಂದ್ರೆ ಗಾಬರಿ ಬೇಡ, ಅದು ಹುಳದೊಳಗೆ ವಾಸ ಮಾಡೋ ಬ್ಯಾಕ್ಟೀರಿಯಾ, ಪ್ರೈಮರ್ ತಪ್ಪಿ ಅದಕ್ಕೆ ಅಂಟ್ಕೊಂಡಿದೆ.

ಹೆಸರು ಬಂತು ಅಂತ ರೋಗದ ಕಾರಣ ಸಿಕ್ತು ಅಂತಲೂ ಅಲ್ಲ. ರೋಬಸ್ಟಾ ರೆಂಬೆಗೆ ಸಣ್ಣ ತೂತು ಕೊರೆಯೋ ಶಾಟ್ ಹೋಲ್ ಬೋರರ್ ಇದ್ಯಲ್ಲ, ಅದು ತೂತಿನೊಳಗೆ ತನ್ನ ಊಟಕ್ಕೆ ತಾನೇ ಶಿಲೀಂಧ್ರ ಬೆಳೆಸುತ್ತೆ. ತೂತಿನ ಗೋಡೆ ಕೆರೆದು ಸೀಕ್ವೆನ್ಸ್ ಮಾಡಿದ್ರೆ ಆ ಶಿಲೀಂಧ್ರ ಬರುತ್ತೆ, ಅದಕ್ಕೆ ಔಷಧಿ ಹೊಡೆದು ಏನು ಪ್ರಯೋಜನ, ಹುಳ ಹಂಗೇ ಇರುತ್ತೆ. ಶಿಲೀಂಧ್ರ, ಬ್ಯಾಕ್ಟೀರಿಯಾ ಆದ್ರೆ ಬೆಳೆಸಿದ್ದನ್ನ ಆರೋಗ್ಯದ ಗಿಡಕ್ಕೆ ಹಾಕಿ ಅದೇ ಲಕ್ಷಣ ಬರುತ್ತಾ, ಅದರಿಂದ ಮತ್ತೆ ಅದೇ ಸಿಗುತ್ತಾ ನೋಡೋದನ್ನ ಬಿಡ್ಬೇಡಿ. ಕಾಫಿಯ ಬಿಳಿ ಕಾಂಡ ಕೊರಕ, ಕಾಯಿ ಕೊರಕ ಇವಕ್ಕೆಲ್ಲಾ ನಮ್ಮ ಪಕ್ಕದಲ್ಲೇ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದೆ, 1925ರಿಂದ ಇದೇ ಕೆಲಸ, ಸಿಪ್ಪೆ ಎಬ್ಬಿಸಿ ಸುರಂಗ ನೋಡಿದ್ರೇ ಯಾವ ಹುಳ ಅಂತ ಹೇಳೋರು ಅಂಥ ಕಡೆ ಇರ್ತಾರೆ, ಸೀಕ್ವೆನ್ಸಿಗೆ ಮೊದ್ಲು ಅವರಿಗೆ ತೋರಿಸಿ.

ಅಂಗೈಯಲ್ಲಿ ಹಿಡಿಸೋ ನ್ಯಾನೋಪೋರ್ ಮಿನಿಯಾನ್ ಅನ್ನೋ ಸೀಕ್ವೆನ್ಸ್ ಮೆಷಿನ್ ಬಗ್ಗೆ ಎಲ್ರೂ ಕೇಳ್ತಾರೆ. ಒಂದೆರಡು ಸ್ಯಾಂಪಲ್ಲಿಗೆ ಸ್ಯಾಂಗರೇ ಅಗ್ಗ. ಒಟ್ಟಿಗೆ ನೂರಿನ ಹತ್ರ ಹುಳ ಬಂದ್ರೆ ಪ್ರತಿಯೊಂದಕ್ಕೂ ಒಂದು ಗುರುತಿನ ಬಾಲ ಅಂಟಿಸಿ ಒಂದೇ ಸಲ ಓದಿಸೋಕೆ ಅದು ಚೆನ್ನ, ಹೊಸ ಕೆಮಿಸ್ಟ್ರೀಲಿ ಓದು 99 ಪರ್ಸೆಂಟ್ ಹತ್ರ ಸರಿ ಇರುತ್ತೆ, ಹಲವು ಓದು ಸೇರಿಸಿದ್ರೆ ಇನ್ನೂ ಗಟ್ಟಿ. ಅದಕ್ಕೆ ಹಾಕೋ ಫ್ಲೋ ಸೆಲ್ (ಡಿಎನ್‌ಎ ಓದೋ ಚಿಪ್) 2ರಿಂದ 8 ಡಿಗ್ರಿಯಲ್ಲಿಡ್ಬೇಕು, ಅದಕ್ಕೂ ಎಕ್ಸ್‌ಪೈರಿ ಇದೆ. ಏನು ವೈರಸ್ಸು ಅಂತ ಸುಳಿವೇ ಇಲ್ದಿದ್ರೆ ಗಿಡದ ಆರ್‌ಎನ್‌ಎ ಪೂರ್ತಿ ಓದಿಸೋ ದೊಡ್ಡ ಸೀಕ್ವೆನ್ಸಿಂಗ್ ಇದೆ, ಅದರ ಡೇಟಾ ಬಿಡಿಸೋರು ಲ್ಯಾಬಲ್ಲಿ ಇದ್ದಾರಾ ಅಂತ ಕೇಳ್ಕೊಂಡು ಇಳೀರಿ.

ರಿಪೋರ್ಟಲ್ಲಿ ಯಾವ ಜೀನ್, ಎಷ್ಟು ಅಕ್ಷರ, ಯಾವುದರ ಜೊತೆ ಎಷ್ಟು ಪರ್ಸೆಂಟ್, ಯಾವ ತಾರೀಕು ನೋಡಿದ್ದು, ಹುಳದ ಚಿಪ್ಪು ಅಥವಾ ಕಲ್ಚರ್ ಯಾವ ನಂಬರಲ್ಲಿ ಇಟ್ಟಿದ್ದೀರಿ ಎಲ್ಲಾ ಬರೀರಿ. ದೇಶದಲ್ಲಿ ಇಲ್ಲದ ಹೆಸರು ಬಂದ್ರೆ ದಯವಿಟ್ಟು ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ. ಡಿಎನ್‌ಎ ಮತ್ತೆ ಹೊಸದಾಗಿ ತೆಗೆದು ಇನ್ನೊಂದು ಸಲ ಮಾಡಿ, ಹುಳ ಆದ್ರೆ ಚಿಪ್ಪನ್ನ ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆ ಕಣ್ಣಲ್ಲಿ ನೋಡಿ ಹೇಳೋರಿಗೆ ಕಳಿಸಿ, ಅವರೂ ಹೌದು ಅಂದ್ಮೇಲೆ ಇಲಾಖೆಗೆ ತಿಳಿಸಿ. ಉಳಿದ ಡಿಎನ್‌ಎ ಮೈನಸ್ 20ರ ಫ್ರೀಜರಿಗೆ, ಎಥನಾಲ್ ತಾಗಿದ್ರೂ ಅಳಿಸದ ಲೇಬಲ್ ಜೊತೆ.

ಆ ಸಕಲೇಶಪುರದವ್ರು ಮತ್ತೆ ಬಂದಿದ್ರು, ದೀಪಾವಳಿ ಆದ್ಮೇಲೆ. ಈ ಸಲ ಬುಡದ ತುಂಡು, ಬೇರು, ಮಣ್ಣು ಬೇರೆ ಬೇರೆ ಕಾಗದದಲ್ಲಿ ಸುತ್ತಿ ಮೇಲೆ ಪೆನ್ಸಿಲ್ಲಲ್ಲಿ "ಕೆಳಗಿನ ತೋಟ, ಹಳ್ಳದ ಪಕ್ಕ" ಅಂತ ಬರೆದಿದ್ರು. ಆರೋಗ್ಯದ ಎಲೆ ಎಲ್ಲಿ ಅಂದ್ರೆ, "ಅದಕ್ಕೇನಾಗಿದೆ ಮೇಡಂ, ಚೆನ್ನಾಗೇ ಇದ್ಯಲ್ಲ" ಅಂದ್ರು.